ಕೋಯಿ ಮರಿ ಸರಿಯಿಲ್ಲ ಅನಿಸಿದರೆ: ತಪ್ಪು ಮೀನಿನದ್ದೋ, ನೀರಿನದ್ದೋ?

ಕೋಯಿ, ಅಂದರೆ ಜಪಾನಿನ ಬಣ್ಣದ ಕಾರ್ಪ್ ಮೀನಿನ ಮರಿ ತಂದು ತಿಂಗಳು ಕಳೆಯುವುದರೊಳಗೆ ಕೇಳಿಬರುವ ಮಾತು ಒಂದೇ: "ಅಂಗಡಿಯವ ಕಳಪೆ ಮರಿ ಕೊಟ್ಟ ಮಾರಾಯ." ಕೆಲವು ಸಲ ಅದು ನಿಜವೇ. ಆದರೆ ನಮ್ಮ ಕಡೆ, ಅಂದರೆ ಕಾರವಾರದಿಂದ ಭಟ್ಕಳದವರೆಗೆ ಮತ್ತು ಘಟ್ಟದ ಮೇಲೆ ಶಿರಸಿ, ಸಿದ್ದಾಪುರ, ಯಲ್ಲಾಪುರದಲ್ಲಿ, ತಪ್ಪು ಜಾಸ್ತಿ ನೀರಿನದ್ದೇ ಇರುತ್ತದೆ. ಇನ್ನು ಕೆಲವು ಸಲ ನೀರೂ ಸರಿ, ಮರಿಯೂ ಸರಿ. ನಾವು ನೋಡಿದ ಬೆಳಕು ಸರಿ ಇರುವುದಿಲ್ಲ.

ಮರಿ ಆರಿಸುವಾಗಲೂ, ಆಮೇಲೆ ಅದರಲ್ಲಿ ಐಬು ಹುಡುಕುವಾಗಲೂ ಒಂದು ಸಂಗತಿ ನೆನಪಿರಲಿ. ಬಣ್ಣ ಬದಲಾಗುತ್ತದೆ, ಮೂಳೆ ಬದಲಾಗುವುದಿಲ್ಲ. ವರ್ಷದೊಳಗಿನ ಮರಿಯ ಕೆಂಪು, ಕಪ್ಪು ಎರಡೂ ಬಂದು ಹೋಗಿ ಮಾಡುತ್ತವೆ. ಬಾಗಿದ ಬೆನ್ನು, ಸೊಟ್ಟ ಬಾಯಿ, ಗಿಡ್ಡ ಕಿವಿರ ಮುಚ್ಚಳ ಮಾತ್ರ ಹೇಗಿವೆಯೋ ಹಾಗೇ ಉಳಿಯುತ್ತವೆ. ಹಾಗಾಗಿ ಬಣ್ಣದ ವಿಷಯದಲ್ಲಿ ತಾಳ್ಮೆ ಇರಲಿ, ಮೂಳೆಯ ವಿಷಯದಲ್ಲಿ ಬೇಡ.

ಕೈಗೆಟುಕುವಲ್ಲಿ ಇರಬೇಕಾದದ್ದು ಸ್ವಲ್ಪವೇ. ತಿಳಿ ನೀಲಿ ಬಣ್ಣದ ಅಗಲ ಬೋಗುಣಿ, ಒಂದು ಥರ್ಮಾಮೀಟರ್, ಅಮೋನಿಯಾ, ನೈಟ್ರೈಟ್ (ಎರಡೂ ಮೀನಿನ ಹೊಲಸಿನಿಂದ ಆಗುವ ವಿಷ), ಪಿಎಚ್ (ನೀರು ಎಷ್ಟು ಹುಳಿ ಅನ್ನುವ ಅಳತೆ), ಕೆಎಚ್ (ಪಿಎಚ್ ಜಾರದಂತೆ ಹಿಡಿಯುವ ಕಾರ್ಬೊನೇಟಿನ ಅಳತೆ) ನೋಡುವ ಹನಿ ಕಿಟ್, ಮತ್ತು ಕಲ್ಲುಪ್ಪು. ಉಪ್ಪಿಗೆ ದೂರ ಹೋಗಬೇಕಿಲ್ಲ, ಗೋಕರ್ಣದ ಹತ್ತಿರದ ಸಾಣಿಕಟ್ಟೆಯ ಉಪ್ಪೇ ಸಾಕು. ಅಯೋಡಿನ್ ಬೆರೆಸಿದ ಪ್ಯಾಕೆಟ್ ಪುಡಿ ಉಪ್ಪು ಬೇಡ. ನಿಮ್ಮ ತೊಟ್ಟಿಯಲ್ಲಿ ಎಷ್ಟು ಲೀಟರ್ ಹಿಡಿಯುತ್ತದೆ ಅನ್ನುವುದನ್ನು ಗೋಡೆಯ ಮೇಲೆ ಬರೆದಿಟ್ಟುಕೊಳ್ಳಿ. ಉದ್ದ, ಅಗಲ, ಆಳವನ್ನು ಅಡಿಯಲ್ಲಿ ಅಳೆದು ಗುಣಿಸಿ, ಬಂದದ್ದನ್ನು ಮತ್ತೆ 28ರಿಂದ ಗುಣಿಸಿದರೆ ಲೀಟರ್ ಸಿಗುತ್ತದೆ. ಇದು ಗೊತ್ತಿಲ್ಲದೆ ಹಾಕುವ ಯಾವ ಔಷಧಿಯೂ ಅಂದಾಜಿನ ಔಷಧಿ.

## "ಅಂಗಡಿಯಲ್ಲಿ ಕೆಂಪಗಿತ್ತು, ಮನೆಗೆ ಬಂದ ಮೇಲೆ ಪೇಲವ"

ಮೊದಲ ನಾಲ್ಕೈದು ದಿನ ಏನೂ ಮಾಡಬೇಡಿ. ಹುಬ್ಬಳ್ಳಿಯಿಂದಲೋ ಮಂಗಳೂರಿನಿಂದಲೋ ಚೀಲದಲ್ಲಿ ಕುಲುಕುತ್ತಾ ಘಟ್ಟ ಹತ್ತಿ ಇಳಿದ ಮರಿ ಬಣ್ಣ ಕಳೆದುಕೊಳ್ಳುವುದು ಸಹಜ. ಹೊಟ್ಟೆಗೆ ಬಿದ್ದು, ಹೆದರಿಕೆ ಹೋದ ಮೇಲೆ ವಾಪಸ್ ಬರುತ್ತದೆ.

ಬರಲಿಲ್ಲ ಅಂದರೆ ತೊಟ್ಟಿಯ ಬಣ್ಣ ನೋಡಿ. ಮೀನು ತನ್ನ ಹಿನ್ನೆಲೆಗೆ ತಕ್ಕ ಹಾಗೆ ಮೈಬಣ್ಣ ಹೊಂದಿಸಿಕೊಳ್ಳುತ್ತದೆ. ಬಿಳಿ ಟಬ್ಬಿನಲ್ಲಿ ಬಿಟ್ಟರೆ ಪೇಲವವಾಗುತ್ತದೆ, ಗಾಢ ಬಣ್ಣದ ತೊಟ್ಟಿಯಲ್ಲಿ ಬಣ್ಣ ಏರುತ್ತದೆ. ಅಂಗಡಿಯ ಗಾಜಿನ ಪೆಟ್ಟಿಗೆಗೆ ಕಪ್ಪು ಹಾಳೆ ಅಂಟಿಸಿ, ಮೇಲೆ ಗುಲಾಬಿ ಛಾಯೆಯ ಲೈಟ್ ಹಾಕಿದ್ದರೆ ಯಾವ ಮರಿಯೂ ದಾಸವಾಳದಂತೆ ಕಾಣುತ್ತದೆ. ಅದಕ್ಕೇ ಕೊಳ್ಳುವಾಗ "ಅಣ್ಣಾ, ಒಂದು ಬೋಗುಣಿಗೆ ಹಾಕಿ ಹೊರಗೆ ಕೊಡ್ತೀರಾ?" ಅಂತ ಕೇಳಿ. ಕೋಯಿಯನ್ನು ಜಪಾನಿನಲ್ಲಿ ತಲೆತಲಾಂತರದಿಂದ ಮೇಲಿನಿಂದ ನೋಡಿಯೇ ಆರಿಸುತ್ತಾ ಬಂದಿದ್ದಾರೆ. ಬಣ್ಣದ ಚಿತ್ತಾರ ಇರುವುದು ಬೆನ್ನ ಮೇಲೆ. ಗಾಜಿನ ಪಕ್ಕದಿಂದ ನೋಡಿ ಕೊಂಡರೆ ಅರ್ಧ ಮೀನನ್ನು ಮಾತ್ರ ನೋಡಿದ ಹಾಗೆ.

ಬಿಳಿ ಮೈಯಲ್ಲಿ ಸಣ್ಣ ಕೆಂಪು ನರಗಳು ಎದ್ದು ಕಾಣುತ್ತಿದ್ದರೆ ಅದು ಬಣ್ಣದ ಪ್ರಶ್ನೆ ಅಲ್ಲ. ಮೀನು ಕಷ್ಟದಲ್ಲಿದೆ ಅನ್ನುವ ಸೂಚನೆ. ನೇರ ಅಮೋನಿಯಾ ಪರೀಕ್ಷೆ ಮಾಡಿ. ಹೊಸ ತೊಟ್ಟಿಯಲ್ಲಿ ಅಮೋನಿಯಾ ಕಳೆಯುವ ಫಿಲ್ಟರ್‌ನ ಬ್ಯಾಕ್ಟೀರಿಯಾ ಬೆಳೆದು ನಿಲ್ಲಲು ನಾಲ್ಕರಿಂದ ಆರು ವಾರ ಬೇಕು. ಅಲ್ಲಿವರೆಗೆ ಆಹಾರ ಕಡಿಮೆ, ನೀರು ಬದಲಾವಣೆ ಜಾಸ್ತಿ.

ಬಿಳಿ ಭಾಗ ಹಳದಿಯಾಗಿದೆಯಾ? ಬಣ್ಣದ ಆಹಾರ ನಿಲ್ಲಿಸಿ. ಸ್ಪಿರುಲಿನಾ, ಅಸ್ಟಾಕ್ಸಾಂಥಿನ್ ಹಾಕಿದ ಕಾಳು ಕೆಂಪನ್ನು ಏರಿಸುತ್ತದೆ. ಜಾಸ್ತಿಯಾದರೆ ಬಿಳಿಗೂ ಬಣ್ಣ ಹತ್ತುತ್ತದೆ. ತಲೆಯ ಮೇಲೆ ಮಾತ್ರ ತುಸು ಹಳದಿ ಇದ್ದರೆ ಚಿಂತೆ ಬೇಡ, ಸಣ್ಣ ಮರಿಯಲ್ಲಿ ಅದು ಸಾಮಾನ್ಯ.

## "ಕಪ್ಪು ಮಚ್ಚೆ ಮಾಯವಾಯ್ತು" ಅಥವಾ "ಇಲ್ಲದ ಕಪ್ಪು ಬಂತು"

ಮರಿ ಯಾವ ಜಾತಿಯದ್ದು ಅನ್ನುವುದರ ಮೇಲೆ ಉತ್ತರ ನಿಂತಿದೆ. ಬಿಳಿ ಮೈಯಲ್ಲಿ ಬರೀ ಕೆಂಪು ಇದ್ದರೆ ಕೊಹಾಕು. ಬಿಳಿ ಮೈ, ಕೆಂಪು, ಜೊತೆಗೆ ಬೆನ್ನ ಮೇಲೆ ಅಲ್ಲಲ್ಲಿ ಕಪ್ಪು ಇದ್ದು, ತಲೆಯ ಮೇಲೆ ಕಪ್ಪು ಇಲ್ಲದಿದ್ದರೆ ಸಾಂಕೆ. ಕಪ್ಪು ತಲೆಯನ್ನೂ ಸುತ್ತಿಕೊಂಡು, ಎದೆಯ ರೆಕ್ಕೆಯ ಬುಡದಲ್ಲೂ ಇದ್ದರೆ ಶೋವಾ.

ಸಾಂಕೆ, ಶೋವಾ ಎರಡರಲ್ಲೂ ಕಪ್ಪು ನಂಬಿಕೆಯದ್ದಲ್ಲ. ಶೋವಾ ಮರಿ ಮೊಟ್ಟೆಯೊಡೆದು ಬರುವಾಗಲೇ ಕಪ್ಪಗಿರುತ್ತದೆ. ಬೆಳೆಯುತ್ತಾ ಕಪ್ಪು ಒಳಗೆ ಸರಿದು ಬೂದಿ ಬಣ್ಣದ ನೆರಳಾಗಿ ಉಳಿಯುತ್ತದೆ, ಆಮೇಲೆ ಒಂದೆರಡು ವರ್ಷದಲ್ಲಿ ಮೇಲೆ ಬರುತ್ತದೆ. ಬಿಳಿ ಚರ್ಮದ ಕೆಳಗೆ ನೀಲಿ-ಬೂದಿ ಛಾಯೆ ಕಂಡರೆ ಅದು ಬರಲಿರುವ ಕಪ್ಪು. ಇದು ದೋಷವಲ್ಲ, ಆ ಮರಿಯನ್ನು ಬೇರೆಯವರಿಗೆ ಕೊಟ್ಟುಬಿಡಬೇಡಿ.

ನಮ್ಮ ಜಿಲ್ಲೆಯಲ್ಲಿ ಕಪ್ಪು ಏಳಲು ತಡವಾಗುವುದಕ್ಕೆ ಇನ್ನೊಂದು ಕಾರಣ ಇದೆ. ತಂಪು ನೀರು, ಗಡಸು ನೀರು ಇದ್ದಲ್ಲಿ ಕಪ್ಪು ಚೆನ್ನಾಗಿ ಏಳುತ್ತದೆ ಅನ್ನುವುದು ಕೋಯಿ ಸಾಕುವವರ ಅನುಭವ. ನಮ್ಮದು ಚಿರೇಕಲ್ಲಿನ ನೆಲ. ಬಾವಿ ನೀರು, ಅಬ್ಬಿ ನೀರು ಎರಡೂ ಮೆದು. ಕರಾವಳಿಯಲ್ಲಿ ಬಿಸಿಯೂ ಜಾಸ್ತಿ. ಕೆಂಪಿಗೆ ಇದೇ ಮೆದು ನೀರು ಅನುಕೂಲ. ಮೊದಲ ಸಲ ಸಾಕುವವರು ಕಾರವಾರ, ಅಂಕೋಲಾ ಕಡೆಯವರಾದರೆ ಕೊಹಾಕು ಅಥವಾ ಒಂದೇ ಬಣ್ಣದ ಓಗೊನ್, ಚಾಗೋಯಿ ಇಟ್ಟುಕೊಳ್ಳಿ ಅಂತ ನಾನು ಹೇಳುವುದು ಇದಕ್ಕೇ. ಚಾಗೋಯಿ ನೋಡಲು ಸಾದಾ ಕಂದು ಮೀನು. ಆದರೆ ಬೇಗ ಬೆಳೆಯುತ್ತದೆ, ಎಲ್ಲಕ್ಕಿಂತ ಮೊದಲು ಕೈಗೆ ಬಂದು ತಿನ್ನುತ್ತದೆ.

ಕೊಹಾಕು ಮೈಮೇಲೆ ಸಾಸಿವೆ ಕಾಳಿನಷ್ಟು ಕಪ್ಪು ಚುಕ್ಕೆಗಳು ಹೊಸದಾಗಿ ಎದ್ದರೆ ನೀರು ಪರೀಕ್ಷಿಸಿ. ನೀರು ಕೆಟ್ಟಾಗ, ನೀರಿನ ಗುಣ ಒಮ್ಮೆಲೇ ಬದಲಾದಾಗ ಇವು ಬರುತ್ತವೆ. ಸುಧಾರಿಸಿದ ಮೇಲೆ ಕೆಲವು ಹೋಗುತ್ತವೆ, ಕೆಲವು ಉಳಿಯುತ್ತವೆ.

## "ಕೆಂಪು ದಿನದಿಂದ ದಿನಕ್ಕೆ ತೆಳುವಾಗುತ್ತಿದೆ"

ಬೋಗುಣಿಯಲ್ಲಿ ಮರಿ ಬಿಟ್ಟು, ಬೆಳಗಿನ ಬೆಳಕಿನಲ್ಲಿ, ನೇರ ಬಿಸಿಲು ಬೀಳದ ಕಡೆ ನೋಡಿ. ಕೆಂಪು ಮಚ್ಚೆಯ ಹಿಂದಿನ ಅಂಚನ್ನು, ಅಂದರೆ ಬಾಲದ ಕಡೆಯ ಅಂಚನ್ನು ಗಮನಿಸಿ. ಅಲ್ಲಿ ಗೆರೆ ಎಳೆದ ಹಾಗೆ ಕೆಂಪು ಮುಗಿದು ಬಿಳಿ ಶುರುವಾಗಬೇಕು. ಮುಂದಿನ ಅಂಚು, ತಲೆಯ ಕಡೆಯದ್ದು, ತುಸು ಮಸುಕಾಗಿರುತ್ತದೆ. ಬಿಳಿ ಹುರುಪೆಯ ಅಡಿಯಿಂದ ಕೆಂಪು ಇಣುಕುವುದರಿಂದ ಹಾಗೆ. ಅದು ಐಬಲ್ಲ.

ಈಗ ಮಚ್ಚೆಯ ನಡುವೆ ನೋಡಿ. ಒಂದೊಂದು ಹುರುಪೆಯೂ ಬೇರೆ ಬೇರೆಯಾಗಿ ಎಣಿಸುವ ಹಾಗೆ ಕಂಡು, ನಡುನಡುವೆ ಬಿಳಿ ಕಿಟಕಿಗಳು ತೆರೆದಿದ್ದರೆ ಕೆಂಪು ತೆಳು. ಅದು ಮುಂದೆ ಒಡೆಯುವ ಸಂಭವ ಜಾಸ್ತಿ. ಬಣ್ಣ ಹಲಸಿನ ತೊಳೆಯಷ್ಟೇ ಕಿತ್ತಳೆ ಇದ್ದರೂ ದಪ್ಪವಾಗಿ, ಒಂದೇ ಸಮ ಕೂತಿದ್ದರೆ ಅಂಥದ್ದನ್ನು ಬಿಡಬೇಡಿ. ವಯಸ್ಸಾದಂತೆ ಕಿತ್ತಳೆ ಗಾಢವಾಗುತ್ತದೆ. ನಾಲ್ಕಿಂಚಿಗೇ ಕಡು ಕೆಂಪು, ಚೂಪು ಅಂಚು, ಎಲ್ಲವೂ ಮುಗಿದು ಸಿದ್ಧವಾಗಿ ಕಾಣುವ ಮರಿ ಬಹಳ ಸಲ ಬೇಗ ಉತ್ತುಂಗಕ್ಕೆ ಹೋಗಿ ಬೇಗ ಇಳಿಯುತ್ತದೆ. ಹೊಸಬರು ಅಂಗಡಿಯಲ್ಲಿ ಮೊದಲು ಕೈ ತೋರಿಸುವುದು ಅದಕ್ಕೇ. ಅನುಭವಿಗಳು ಅದನ್ನು ದಾಟಿ, ದೊಡ್ಡ ತಲೆಯ, ಬಾಲದ ಬುಡ ದಪ್ಪ ಇರುವ, ಬಣ್ಣ ಇನ್ನೂ ಅರೆಬರೆ ಇರುವ ಮರಿ ಹುಡುಕುತ್ತಾರೆ.

ಕೆಂಪಿನ ಮೇಲೆ ಗಾಯದಂಥ ಒರಟು ಕಲೆ ಬಂದು, ಅಲ್ಲಿ ಮಾತ್ರ ಬಣ್ಣ ತಿಂದ ಹಾಗಾದರೆ ಅದು ಬೇರೆ ರೋಗ. ಕೆರೆಯಬೇಡಿ. ನೇರ ಬಿಸಿಲು ತಪ್ಪಿಸಿ, ತೊಟ್ಟಿಯ ಅರ್ಧಕ್ಕೆ ನೆರಳಿನ ಬಲೆ ಕಟ್ಟಿ, ಬಣ್ಣದ ಆಹಾರ ನಿಲ್ಲಿಸಿ, ತಿಳಿದವರಿಗೆ ತೋರಿಸಿ.

## "ಮೈ ಬಾಗಿದೆ, ಈಜುವಾಗ ಒಂದು ಕಡೆ ಎಳೆಯುತ್ತದೆ"

ತಂದ ದಿನವೇ ಬಾಗಿತ್ತಾ, ಆಮೇಲೆ ಬಾಗಿತಾ? ಈ ಒಂದು ಪ್ರಶ್ನೆಗೆ ಉತ್ತರ ಸಿಕ್ಕರೆ ಅರ್ಧ ಕೆಲಸ ಮುಗಿಯಿತು.

ಮೊದಲಿಂದಲೂ ಇದ್ದರೆ ಅದು ಹುಟ್ಟಿನದ್ದು ಅಥವಾ ಮರಿ ಹಂತದ ಪೆಟ್ಟಿನದ್ದು. ಸರಿಹೋಗುವುದಿಲ್ಲ. ಕೊಳ್ಳುವಾಗಲೇ ಹಿಡಿಯಲು ಸುಲಭ ದಾರಿ ಇದೆ. ಬೋಗುಣಿಯಲ್ಲಿ ಮರಿ ನಿಶ್ಚಲವಾಗಿ ನಿಂತಾಗ ಮೂಗಿನ ತುದಿಯಿಂದ ಬಾಲದ ಬುಡದವರೆಗೆ ಮನಸ್ಸಿನಲ್ಲೇ ಒಂದು ದಾರ ಎಳೆಯಿರಿ. ಎರಡೂ ಪಕ್ಕ ಸಮ ಇರಬೇಕು. ಎದೆಯ ರೆಕ್ಕೆಗಳೆರಡೂ ಒಂದೇ ಗಾತ್ರ ಇರಬೇಕು. ಆಮೇಲೆ ಕಿವಿರ ಮುಚ್ಚಳ ನೋಡಿ, ಅಂಚು ಹೊರಗೆ ಸುರುಳಿಯಾಗಿ ಒಳಗಿನ ಕೆಂಪು ಕಿವಿರು ಕಾಣುತ್ತಿದ್ದರೆ ಬೇಡ. ಬಾಯಿ ಮುಂದೆ ಚಾಚಿದಾಗ ನೇರ ಬರಬೇಕು. ಮೀಸೆ ಎರಡು ಜೊತೆ ಇರಬೇಕು. ಮೀಸೆಯೇ ಇಲ್ಲದಿದ್ದರೆ ನಿಮಗೆ ಕೊಡುತ್ತಿರುವುದು ಕೋಯಿ ಅಲ್ಲ, ಗೋಲ್ಡ್‌ಫಿಶ್!

ರೆಕ್ಕೆಯ ತುದಿ ಹರಿದಿದ್ದರೆ ಚಿಂತೆ ಇಲ್ಲ. ಬುಡ ಗಟ್ಟಿ ಇದ್ದರೆ ವಾಪಸ್ ಬೆಳೆಯುತ್ತದೆ.

ಆಮೇಲೆ ಬಾಗಿದ್ದರೆ, ಅದೂ ಒಂದೇ ದಿನದಲ್ಲಿ ಎರಡು ಮೂರು ಮೀನು ಬಾಗಿದ್ದರೆ, ನೀರಿಗೆ ಕೈ ಹಾಕಬೇಡಿ. ಮೊದಲು ಮೇನ್ ಸ್ವಿಚ್ ಆಫ್ ಮಾಡಿ. ಪಂಪಿನ ವೈರಿಂದ ನೀರಿಗೆ ಕರೆಂಟು ಸೋರಿದರೆ ಮೀನಿನ ಸ್ನಾಯು ಒಮ್ಮೆಲೇ ಬಿಗಿದು ಬೆನ್ನುಮೂಳೆ ಮುರಿಯುತ್ತದೆ. ಹತ್ತಿರದಲ್ಲಿ ಸಿಡಿಲು ಬಡಿದಾಗಲೂ ಹೀಗಾಗುವುದುಂಟು. ಪಂಪ್ ಹೊರತೆಗೆದು ವೈರ್ ಒಡೆದಿದೆಯಾ ನೋಡಿ. ಎಲೆಕ್ಟ್ರಿಷಿಯನ್ ಬಂದು ನೋಡುವವರೆಗೆ ಆ ಪಂಪ್ ಮತ್ತೆ ನೀರಿಗೆ ಇಳಿಯಬಾರದು. ತೊಟ್ಟಿಯ ಲೈನಿಗೆ 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನೇ ಆಫ್ ಆಗುವ ಸ್ವಿಚ್) ಹಾಕಿಸಿ. ಮಕ್ಕಳು ಕೈ ಅದ್ದುವ ತೊಟ್ಟಿ ಅದು.

ನಿಧಾನಕ್ಕೆ, ವಾರಗಟ್ಟಲೆಯಲ್ಲಿ ಬಾಗಿದ್ದರೆ ಆಹಾರದ ಡಬ್ಬ ತೆರೆದು ಮೂಸಿ. ಸಿ ಜೀವಸತ್ವ ಕಡಿಮೆಯಾದರೆ ಬೆಳೆಯುವ ಮರಿಯ ಬೆನ್ನು ಬಾಗುತ್ತದೆ. ಬಿಸಿ ಮತ್ತು ತೇವಕ್ಕೆ ಈ ಜೀವಸತ್ವ ಬೇಗ ನಾಶವಾಗುತ್ತದೆ. ನಮ್ಮ ಮಳೆಗಾಲದಲ್ಲಿ ಹಪ್ಪಳವೇ ಮೆತ್ತಗಾಗುವಾಗ ತೆರೆದಿಟ್ಟ ಕಾಳಿನ ಗತಿ ಹೇಳಬೇಕಾ? ಬೂಸ್ಟು ಹಿಡಿದ ಕಾಳು ಮೀನಿನ ಲಿವರ್‌ಗೂ ವಿಷ, ಹಾಗೇ ಎಸೆಯಿರಿ. ದೊಡ್ಡ ಚೀಲ ಅಗ್ಗ ಅಂತ ತರಬೇಡಿ. ಒಂದೆರಡು ತಿಂಗಳಿಗಾಗುವಷ್ಟು ತಂದು, ಗಾಳಿಯಾಡದ ಡಬ್ಬದಲ್ಲಿ ತಂಪಾದ ಕಡೆ ಇಡಿ.

## "ಬೆಳಿಗ್ಗೆ ಎಲ್ಲ ಮೇಲೆ ಬಂದು ಬಾಯಿ ಬಿಡುತ್ತಿವೆ"

ಬೆಳಗಿನ ಜಾವ ಮಾತ್ರ ಹೀಗಾಗಿ ಬಿಸಿಲೇರಿದ ಮೇಲೆ ಸರಿಹೋದರೆ ಆಕ್ಸಿಜನ್ ಕೊರತೆ. ಪಾಚಿಯಿಂದ ಹಸಿರಾದ ನೀರು ಹಗಲು ಆಕ್ಸಿಜನ್ ಕೊಡುತ್ತದೆ, ರಾತ್ರಿ ತಾನೇ ಉಸಿರಾಡಿ ತೆಗೆದುಕೊಳ್ಳುತ್ತದೆ. ಬೇಸಿಗೆಯಲ್ಲಿ ಇನ್ನೂ ಕಷ್ಟ. 20 ಡಿಗ್ರಿ ನೀರು ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಕ್ಸಿಜನ್ ಹಿಡಿದರೆ, 30 ಡಿಗ್ರಿ ನೀರು ಏಳೂವರೆ ಮಾತ್ರ ಹಿಡಿಯುತ್ತದೆ. ಮೀನಿಗೆ ಮಾತ್ರ ಬಿಸಿಯಲ್ಲಿ ಜಾಸ್ತಿ ಬೇಕು. ಏರ್ ಪಂಪ್ ರಾತ್ರಿ ಆಫ್ ಮಾಡುವ ಅಭ್ಯಾಸ ಬಿಡಿ. ಕರೆಂಟು ಹೋದಾಗ ಓಡುವ ಬ್ಯಾಟರಿ ಏರ್ ಪಂಪ್ ಒಂದು ಇರಲೇಬೇಕು. ಗಾಳಿಮಳೆಗೆ ತಂತಿಯ ಮೇಲೆ ಮರ ಬಿದ್ದರೆ ಕರೆಂಟು ಯಾವಾಗ ಬರುತ್ತದೆ ಅನ್ನುವುದು ನಮಗೆಲ್ಲ ಗೊತ್ತಿದ್ದದ್ದೇ ಅಲ್ವಾ.

ಇಡೀ ದಿನ ಬಾಯಿ ಬಿಡುತ್ತಿದ್ದರೆ ನೀರು ಬದಲಿಸಿದ್ದು ಯಾವಾಗ ಅಂತ ಯೋಚಿಸಿ. ನಲ್ಲಿ ನೀರು ನೇರ ಬಿಟ್ಟಿದ್ದರೆ ಕ್ಲೋರಿನ್. ಮಳೆಗಾಲದಲ್ಲಿ ಮನೆ ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕಿ ಹೋಗಿರುತ್ತಾರೆ, ಮನೆಯವರು ಹೇಳಲು ಮರೆತಿರುತ್ತಾರೆ. ಬಾವಿ ನೀರು ತಾನೇ ಅಂತ ಸುಮ್ನೆ ಬಿಟ್ಟರೆ ಮೀನಿನ ಕಿವಿರು ಸುಟ್ಟಿತು. ಸೋಡಿಯಂ ಥಯೋಸಲ್ಫೇಟ್ ಹರಳು ಅಕ್ವೇರಿಯಂ ಅಂಗಡಿಯಲ್ಲಿ ಸಿಗುತ್ತದೆ, ಅದು ಕ್ಲೋರಿನ್ ಅನ್ನು ತಕ್ಷಣ ಕಳೆಯುತ್ತದೆ. ಇಲ್ಲದಿದ್ದರೆ ನೀರನ್ನು ಅಗಲ ಪಾತ್ರೆಯಲ್ಲಿ ಗಾಳಿ ಕೊಡುತ್ತಾ ಒಂದು ದಿನ ಬಿಟ್ಟು ಬಳಸಿ.

ನೈಟ್ರೈಟ್ ಏರಿದ್ದರೆ ಆಕ್ಸಿಜನ್ ಎಷ್ಟಿದ್ದರೂ ರಕ್ತ ಅದನ್ನು ಒಯ್ಯುವುದಿಲ್ಲ, ಕಿವಿರು ಕಂದು ಬಣ್ಣಕ್ಕೆ ತಿರುಗುತ್ತದೆ. ಇಲ್ಲಿ ಉಪ್ಪು ನಿಜವಾಗಿ ಕೆಲಸ ಮಾಡುತ್ತದೆ. 1000 ಲೀಟರಿಗೆ 1 ಕಿಲೋ ಕರಗಿಸಿ ಹಾಕಿ, ನೀರು ಬದಲಿಸುತ್ತಾ ಬನ್ನಿ.

ಇನ್ನು ಹೊಸ ಸಿಮೆಂಟ್ ತೊಟ್ಟಿ. ಸಿಮೆಂಟಿನ ಸುಣ್ಣ ಪಿಎಚ್ ಅನ್ನು 9ರ ಮೇಲೆ ಒಯ್ಯುತ್ತದೆ. ಬಾಳೆದಿಂಡು ಕತ್ತರಿಸಿ ಹಾಕಿ ಕೊಳೆಸಿ, ನೀರು ಚೆಲ್ಲಿ, ಮತ್ತೆ ತುಂಬಿಸಿ ಚೆಲ್ಲುವ ನಮ್ಮ ಹಳೆಯ ಪದ್ಧತಿ ಒಳ್ಳೆಯದೇ. ಆದರೆ ಕೊನೆಗೆ ಕಿಟ್ ಹಾಕಿ ನೋಡದೆ ಮರಿ ಬಿಡಬೇಡಿ.

## "ಮಳೆ ಶುರುವಾದ ಕೂಡಲೇ ಒಂದೊಂದೇ ಸಾಯುತ್ತಿವೆ"

ಉತ್ತರ ಕನ್ನಡದಲ್ಲಿ ಕೋಯಿ ಸಾಕುವವರಿಗೆ ಜೂನ್, ಜುಲೈ ತಿಂಗಳೇ ಪರೀಕ್ಷೆ. ಬೇರೆ ಊರಿನವರು ಬರೆದ ಸಲಹೆಗಳಲ್ಲಿ ಇದಕ್ಕೆ ಉತ್ತರ ಸಿಗುವುದು ಕಷ್ಟ. ಹಾಗಾಗಿ ಇಲ್ಲಿ ತುಸು ನಿಲ್ಲೋಣ.

ಮೊದಲ ಪರೀಕ್ಷೆ ಕೆಎಚ್. ನೀರಿನಲ್ಲಿ ಕರಗಿದ ಕಾರ್ಬೊನೇಟು ಪಿಎಚ್ ಅನ್ನು ಹಿಡಿದು ನಿಲ್ಲಿಸುತ್ತದೆ. ಫಿಲ್ಟರ್‌ನ ಬ್ಯಾಕ್ಟೀರಿಯಾ ಅಮೋನಿಯಾ ಕಳೆಯುವಾಗ ಇದನ್ನು ದಿನಾ ತಿನ್ನುತ್ತದೆ. ನಮ್ಮ ಬಾವಿ ನೀರಿನಲ್ಲಿ ಅದು ಮೊದಲೇ ಕಡಿಮೆ. ಮಳೆನೀರಿನಲ್ಲಿ ಇಲ್ಲವೇ ಇಲ್ಲ ಅನ್ನಬಹುದು. ಮಾಡಿನ ನೀರು ನೇರ ತೊಟ್ಟಿಗೆ ಬೀಳುತ್ತಿದ್ದರೆ ಎರಡು ದಿನದ ಜಡಿಮಳೆಗೆ ಕೆಎಚ್ ಸೊನ್ನೆಗೆ ಬಂದು, ಪಿಎಚ್ ಒಮ್ಮೆಲೇ 6ರ ಕೆಳಗೆ ಜಾರುತ್ತದೆ. ಮೀನು ತಳದಲ್ಲಿ ಕೂರುತ್ತದೆ, ಮೈಮೇಲೆ ಬಿಳಿ ಲೋಳೆ ಜಾಸ್ತಿಯಾಗುತ್ತದೆ, ತಿನ್ನುವುದಿಲ್ಲ.

ಖರ್ಚಿಲ್ಲದ ಕೆಲಸ ಮೊದಲು: ಮಾಡಿನ ನೀರನ್ನು ಬೇರೆ ಕಡೆ ತಿರುಗಿಸಿ, ತೊಟ್ಟಿಯ ಮೇಲೆ ಒಂದು ಶೀಟು ಹಾಕಿ. ಆಮೇಲೆ ಅಡುಗೆ ಸೋಡಾ. ಬೇಕಿಂಗ್ ಪೌಡರ್ ಅಲ್ಲ, ಬರೀ ಸೋಡಾ. 1000 ಲೀಟರಿಗೆ 30 ಗ್ರಾಂ ಹಾಕಿದರೆ ಕೆಎಚ್ ಸುಮಾರು 1 ಡಿಗ್ರಿ ಏರುತ್ತದೆ. ದಿನಕ್ಕೆ ಅಷ್ಟೇ ಹಾಕಿ, ನಾಲ್ಕೈದು ಡಿಗ್ರಿಗೆ ತಂದು ನಿಲ್ಲಿಸಿ. ಅವಸರ ಮಾಡಿದರೆ ಅಪಾಯ. ಹುಳಿ ನೀರಿನಲ್ಲಿ ಅಮೋನಿಯಾ ಹೆಚ್ಚು ಕಾಡುವುದಿಲ್ಲ, ಪಿಎಚ್ ಏರಿದ ಕೂಡಲೇ ಅದೇ ಅಮೋನಿಯಾ ವಿಷವಾಗುತ್ತದೆ. ಹಾಗಾಗಿ ಸೋಡಾ ಹಾಕುವ ಮೊದಲು ಅಮೋನಿಯಾ ನೋಡಿ. ಜಾಸ್ತಿ ಇದ್ದರೆ ಮೊದಲು ಸ್ವಲ್ಪ ಸ್ವಲ್ಪವೇ ನೀರು ಬದಲಿಸಿ, ಆಮೇಲೆ ಸೋಡಾ.

ಮಳೆಗಾಲ ಪೂರ್ತಿ ಕಾಯಲು ನಮ್ಮಲ್ಲೇ ಒಂದು ವಸ್ತು ಇದೆ. ಬಳಚಿನ ಚಿಪ್ಪು. ಅಘನಾಶಿನಿ ಅಳಿವೆಯ ಊರುಗಳಲ್ಲಿ ಅದಕ್ಕೆ ಬರವಿಲ್ಲ. ಚೆನ್ನಾಗಿ ತೊಳೆದು, ಮಾಂಸದ ಚೂರು ಉಳಿಯದಂತೆ ಬಿಸಿಲಿಗೆ ಒಣಗಿಸಿ, ಬಲೆ ಚೀಲದಲ್ಲಿ ತುಂಬಿ ಫಿಲ್ಟರ್‌ನಲ್ಲಿ ನೀರು ಹರಿಯುವಲ್ಲಿ ಇಡಿ. ನೀರು ಹುಳಿಯಾದಷ್ಟೂ ಚಿಪ್ಪು ಕರಗುತ್ತದೆ, ಸಮ ಇದ್ದಾಗ ಸುಮ್ಮನಿರುತ್ತದೆ. ಸುಟ್ಟ ಚಿಪ್ಪಿನ ಸುಣ್ಣ ಮಾತ್ರ ಹಾಕಲೇಬೇಡಿ, ಅದು ಪಿಎಚ್ ಅನ್ನು ಒಂದೇ ಏಟಿಗೆ ಮೇಲೇರಿಸುತ್ತದೆ.

ಕೆಎಚ್ ಸರಿ ಇದೆ, ಆದರೂ ಸಾಯುತ್ತಿವೆಯಾ? ಪಕ್ಕದ ತೋಟದ ಕಡೆ ನೋಡಿ. ಶಿರಸಿ, ಸಿದ್ದಾಪುರ ಕಡೆ ಅಡಿಕೆಗೆ ಕೊಳೆ ರೋಗದ ಔಷಧಿ ಹೊಡೆಯುವುದು ಇದೇ ಹೊತ್ತಿನಲ್ಲಿ. ಶೇ. 1ರ ಬೋರ್ಡೋ ದ್ರಾವಣ ಅಂದರೆ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತು. ಮೈಲುತುತ್ತು ಅಂದರೆ ತಾಮ್ರ. ಮೀನಿಗೆ ತಾಮ್ರ ವಿಷ, ಮೆದುವಾದ ಹುಳಿ ನೀರಿನಲ್ಲಂತೂ ಇನ್ನೂ ಜಾಸ್ತಿ. ಅಡಿಕೆ ಮರದ ಎತ್ತರದಲ್ಲಿ ಹೊಡೆದ ಔಷಧಿ ಗಾಳಿಗೆ ಎಲ್ಲಿಗೆ ಬೇಕಾದರೂ ಹೋಗುತ್ತದೆ. ಆಮೇಲೆ ಮಳೆ ಬಂದರೆ ಮಾಡಿನಿಂದ ತೊಳೆದು ಬರುತ್ತದೆ. ತೋಟದ ನಡುವಿನಿಂದ ಹರಿದು ಬರುವ ಅಬ್ಬಿ ನೀರಿನ ಪೈಪನ್ನು ಆ ವಾರ ತೊಟ್ಟಿಗೆ ಬಿಡಬೇಡಿ.

ಗುರುತು ಹೀಗೆ: ಗಂಟೆಗಳಲ್ಲಿ ಎಲ್ಲ ಮೀನಿಗೂ ಒಟ್ಟಿಗೆ ತೊಂದರೆ, ಸಣ್ಣವು ಮೊದಲು. ತೊಟ್ಟಿಯ ಅಂಚಿಗೋ ಹತ್ತಿರದ ಎಲೆಗಳ ಮೇಲೋ ತಿಳಿ ನೀಲಿ ಚುಕ್ಕೆ. ರೋಗವಾದರೆ ಇಷ್ಟು ಅವಸರದಲ್ಲಿ ಎಲ್ಲಕ್ಕೂ ಬರುವುದಿಲ್ಲ. ಮೀನುಗಳನ್ನು ಮುಚ್ಚಿಟ್ಟಿದ್ದ ಶುದ್ಧ ನೀರಿಗೆ ವರ್ಗಾಯಿಸಿ, ಫಿಲ್ಟರ್‌ಗೆ ಆಕ್ಟಿವೇಟೆಡ್ ಇದ್ದಿಲು ಹಾಕಿ, ತೊಟ್ಟಿಯ ನೀರು ಬದಲಿಸಿ. ತಡೆಯಲು ಖರ್ಚೇ ಇಲ್ಲ. ಪಕ್ಕದ ಮನೆಯ ಹೆಗಡೇರಿಗೋ ಭಟ್ಟರಿಗೋ "ಔಷಧಿ ಹೊಡೆಯುವ ಹಿಂದಿನ ದಿನ ಒಂದು ಮಾತು ಹೇಳ್ರೋ" ಅಂದಿಡಿ. ಆ ದಿನ ತಾಡಪಾಲು ಮುಚ್ಚಿ, ಏರ್ ಪಂಪ್ ಓಡಿಸಿ.

## "ಗೋಡೆಗೆ ಮೈ ಉಜ್ಜುತ್ತಿದೆ, ಹಾರುತ್ತಿದೆ"

ಇದಕ್ಕೂ ಮೊದಲು ನೀರು ಪರೀಕ್ಷೆಯೇ. ಅಮೋನಿಯಾ, ಕ್ಲೋರಿನ್ ಇದ್ದರೂ ಮೈ ಉರಿದು ಉಜ್ಜುತ್ತವೆ. ನೀರು ಸರಿ ಇದ್ದರೆ ಮೀನನ್ನು ಬೋಗುಣಿಗೆ ಹಾಕಿ ಹತ್ತಿರದಿಂದ ನೋಡಿ. ರೆಕ್ಕೆಯ ಬುಡದಿಂದ ಬಿಳಿ ದಾರದ ತುಂಡು ನೇತಾಡುತ್ತಿದ್ದರೆ ಆಂಕರ್ ವರ್ಮ್. ಚಪ್ಪಟೆ, ಪಾರದರ್ಶಕ, ಕಾಳಿನಷ್ಟು ಅಗಲದ ಹುಳ ಮೈಮೇಲೆ ಓಡಾಡುತ್ತಿದ್ದರೆ ಮೀನಿನ ಹೇನು. ರವೆ ಉದುರಿಸಿದ ಹಾಗಿದ್ದರೆ ಬಿಳಿ ಚುಕ್ಕೆ ರೋಗ. ಏನೂ ಕಾಣದೆ ಉಜ್ಜುತ್ತಿದ್ದರೆ ಕಿವಿರಿನ ಹುಳ ಇರಬಹುದು, ಅದು ಸೂಕ್ಷ್ಮದರ್ಶಕದಲ್ಲಿ ಮಾತ್ರ ಗೊತ್ತಾಗುತ್ತದೆ.

ಬಿಳಿ ಚುಕ್ಕೆಗೆ 1000 ಲೀಟರಿಗೆ 3 ಕಿಲೋ ಉಪ್ಪು. ಒಮ್ಮೆಲೇ ಅಲ್ಲ, ಮೂರು ಕಂತಿನಲ್ಲಿ, ಎರಡು ದಿನದಲ್ಲಿ. ಚುಕ್ಕೆ ಹೋಯಿತು ಅಂತ ನಿಲ್ಲಿಸಬೇಡಿ. ಈ ರೋಗ ತರುವ ಸೂಕ್ಷ್ಮಜೀವಿ ಮೀನಿನ ಮೈಮೇಲಿರುವಾಗ ಅದಕ್ಕೆ ಉಪ್ಪು ತಾಗುವುದಿಲ್ಲ, ನೀರಿನಲ್ಲಿ ಈಜುವ ಹಂತದಲ್ಲಿ ಮಾತ್ರ ಸಾಯುತ್ತದೆ. ಹತ್ತು ದಿನವಾದರೂ ಇರಲಿ. ತಾವರೆ, ಅಂತರಗಂಗೆ ಇದ್ದರೆ ಮೊದಲೇ ತೆಗೆದಿಡಿ. ಫಿಲ್ಟರ್‌ನಲ್ಲಿ ಜಿಯೋಲೈಟ್ ಇದ್ದರೆ ಅದನ್ನೂ ತೆಗೆಯಿರಿ, ಉಪ್ಪು ತಾಗಿದರೆ ಅದು ಹೀರಿಟ್ಟ ಅಮೋನಿಯಾವನ್ನು ವಾಪಸ್ ಬಿಡುತ್ತದೆ.

ಆಂಕರ್ ವರ್ಮ್, ಹೇನಿಗೆ ತೋಟದ ಕೀಟನಾಶಕ ನಾಲ್ಕು ಹನಿ ಹಾಕುವವರಿದ್ದಾರೆ. ಬೇಡ. ಪ್ರಮಾಣ ಸ್ವಲ್ಪ ತಪ್ಪಿದರೂ ಮೀನು ಬಾಗುತ್ತದೆ ಅಥವಾ ಸಾಯುತ್ತದೆ, ನಿಮ್ಮ ಕೈಗೂ ಒಳ್ಳೆಯದಲ್ಲ.

ಹೊಸ ಮರಿಯನ್ನು ಮೂರು ನಾಲ್ಕು ವಾರ ಬೇರೆ ಟಬ್ಬಿನಲ್ಲಿ ಇಟ್ಟಿದ್ದರೆ ಈ ಭಾಗ ಓದುವ ಅಗತ್ಯವೇ ಬರುತ್ತಿರಲಿಲ್ಲ. ಚೀಲ ತಂದಾಗ 15-20 ನಿಮಿಷ ತೇಲಿಸಿ, ಬಿಸಿ ಸಮವಾದ ಮೇಲೆ ಮೀನನ್ನು ಮಾತ್ರ ಎತ್ತಿ ಬಿಡಿ. ಚೀಲದ ನೀರು ತೊಟ್ಟಿಗೆ ಬೀಳಬಾರದು. ಚೀಲ ಬಿಚ್ಚಿಟ್ಟು ಗಂಟೆಗಟ್ಟಲೆ ಹನಿಹನಿ ನೀರು ಸೇರಿಸುವುದೂ ಬೇಡ. ದೂರದಿಂದ ಬಂದ ಚೀಲ ಬಿಚ್ಚಿದ ಕೂಡಲೇ ಒಳಗಿನ ಇಂಗಾಲದ ಡೈಆಕ್ಸೈಡ್ ಹೋಗಿ ಪಿಎಚ್ ಏರುತ್ತದೆ, ಸೇರಿಕೊಂಡ ಅಮೋನಿಯಾ ಆಗ ಕಚ್ಚುತ್ತದೆ.

## "ಬೆಳೆಯುತ್ತಲೇ ಇಲ್ಲ"

ಜಾಗ ಕಡಿಮೆ, ಮೀನು ಜಾಸ್ತಿ. ಹೆಚ್ಚಿನ ಸಲ ಇಷ್ಟೇ. ದೊಡ್ಡ ಕೋಯಿ ಎರಡಡಿ ದಾಟುತ್ತದೆ, ಒಂದಕ್ಕೆ ಸುಮಾರು 1000 ಲೀಟರ್ ಬೇಕು. 500 ಲೀಟರ್ ಸಿಂಟೆಕ್ಸ್ ಕತ್ತರಿಸಿ ಇಪ್ಪತ್ತು ಮರಿ ಬಿಟ್ಟು, ಬೆಳೆಯಲಿಲ್ಲ ಅಂದರೆ ಮರಿಯನ್ನು ಬೈಯುವುದು ಹೇಗೆ? ಶೇ. 35-40 ಪ್ರೋಟೀನ್ ಇರುವ ಸಣ್ಣ ಕಾಳು, ದಿನಕ್ಕೆ ಮೂರ್ನಾಲ್ಕು ಸಲ, ಐದು ನಿಮಿಷದಲ್ಲಿ ಮುಗಿಯುವಷ್ಟು ಹಾಕಿ.

ಒಂದೆರಡು ಮರಿ ಮಾತ್ರ ದಪ್ಪವಾಗಿ ಉಳಿದವು ಕಡ್ಡಿಯಾಗಿದ್ದರೆ ದೊಡ್ಡವನ್ನು ಬೇರೆ ಮಾಡಿ. ಮರಿಗಳ ಲೆಕ್ಕವೇ ಕಡಿಮೆಯಾಗುತ್ತಿದ್ದರೆ ಮಿಂಚುಳ್ಳಿ, ಬಕ, ನೀರೊಳ್ಳೆ ಹಾವು, ಈ ಮೂರರಲ್ಲಿ ಒಂದು. ಬಲೆ ಕಟ್ಟಿ.

## ನಿಲ್ಲಿಸಿ, ಕೇಳಬೇಕಾದ ಹಂತ

ಹುರುಪೆಗಳು ಎದ್ದು ನಿಂತು ಹೊಟ್ಟೆ ಊದಿದರೆ, ಮಾಂಸ ಕಾಣುವ ಹುಣ್ಣಾದರೆ, ಮನೆ ಔಷಧಿ ನಿಲ್ಲಿಸಿ. ನಾವು ನುಂಗುವ ಆಂಟಿಬಯೋಟಿಕ್ ಮಾತ್ರೆ ಪುಡಿ ಮಾಡಿ ನೀರಿಗೆ ಹಾಕಬೇಡಿ. ರೋಗ ಹೋಗುವುದಿಲ್ಲ, ಫಿಲ್ಟರ್ ಸಾಯುತ್ತದೆ. ಫಾರ್ಮಲಿನ್, ಪೊಟ್ಯಾಸಿಯಂ ಪರಮಾಂಗನೇಟ್ ಎರಡನ್ನೂ ಜೊತೆಗೆ ಯಾವತ್ತೂ ಬಳಸಬೇಡಿ. ಫಾರ್ಮಲಿನ್ ಮುಚ್ಚಿದ ಕೋಣೆಯಲ್ಲಿ ತೆರೆಯಬೇಡಿ, ಮಕ್ಕಳ ಕೈಗೆ ಸಿಗದ ಕಡೆ ಇಡಿ.

ನೀರು ಸರಿ ಇದ್ದೂ ನಾಲ್ಕೈದು ದಿನದಲ್ಲಿ ಒಂದರ ಹಿಂದೊಂದು ಸಾಯುತ್ತಿದ್ದರೆ, ಕಣ್ಣು ಗುಳಿ ಬಿದ್ದು ಕಿವಿರಿನಲ್ಲಿ ಬಿಳಿ ಕೊಳೆತ ಪಟ್ಟೆ ಕಂಡರೆ, ಅದು ಕೋಯಿ ಹರ್ಪಿಸ್ ವೈರಸ್ ಇರಬಹುದು. ನೀರು 18ರಿಂದ 28 ಡಿಗ್ರಿ ಇರುವಾಗ ಇದರ ಕಾಟ ಜಾಸ್ತಿ, ಔಷಧಿ ಇಲ್ಲ. ಇದು ಜನರಿಗೆ ಬರುವುದಿಲ್ಲ. ಆ ತೊಟ್ಟಿಯಿಂದ ಮೀನು, ನೀರು, ಬಲೆ ಯಾವುದೂ ಹೊರಗೆ ಹೋಗಬಾರದು. ತಾಲ್ಲೂಕಿನ ಮೀನುಗಾರಿಕೆ ಇಲಾಖೆ ಕಚೇರಿಗೆ ತಿಳಿಸಿ. ಮಾದರಿ ಪರೀಕ್ಷೆ ಬೇಕಾದರೆ ಮಂಗಳೂರಿನ ಮೀನುಗಾರಿಕೆ ಕಾಲೇಜಿನಲ್ಲಿ ವಿಚಾರಿಸಬಹುದು. ಹೋಗುವ ಮೊದಲು ಫೋನ್ ಮಾಡಿ, ಮಾದರಿ ಹೇಗೆ ತರಬೇಕು ಅಂತ ಕೇಳಿಕೊಳ್ಳಿ. ಸತ್ತು ಕೊಳೆತ ಮೀನಿನಿಂದ ಏನೂ ಗೊತ್ತಾಗುವುದಿಲ್ಲ.

ಆರಿಸಿ ಉಳಿದ, ಬಾಗಿದ, ಬಣ್ಣ ಕೂಡದ ಮರಿಗಳನ್ನು ಅಘನಾಶಿನಿಗೋ ಶಾಲ್ಮಲಾ ಹೊಳೆಗೋ ದೇವಸ್ಥಾನದ ಕೆರೆಗೋ ಬಿಡಬೇಡಿ. ಕೋಯಿ ತಳದ ಮಣ್ಣು ಕೆದಕಿ ನೀರು ಬಗ್ಗಡ ಮಾಡುವ ಮೀನು, ಜೊತೆಗೆ ತನ್ನ ರೋಗವನ್ನೂ ಒಯ್ಯುತ್ತದೆ. ನಮ್ಮ ಹೊಳೆಗಳಲ್ಲಿ ಬೇರೆಲ್ಲೂ ಸಿಗದ ಘಟ್ಟದ ಮೀನುಗಳಿವೆ. ಅಂಗಡಿಯವರು ವಾಪಸ್ ತೆಗೆದುಕೊಳ್ಳುತ್ತಾರಾ ಕೇಳಿ. ಇಲ್ಲವಾದರೆ ತೊಟ್ಟಿ ಇರುವ, ಬಣ್ಣದ ಬಗ್ಗೆ ತಲೆ ಕೆಡಿಸಿಕೊಳ್ಳದ ನೆಂಟರಿಗೆ ಕೊಡಿ. ಬೆನ್ನು ಸ್ವಲ್ಪ ಬಾಗಿದ ಕೋಯಿಯೂ ಕೈಯಿಂದ ಕಾಳು ತಿನ್ನುತ್ತದೆ, ಮಕ್ಕಳಿಗೆ ಅಷ್ಟು ಸಾಕು.